ಸೀಮೆಎಣ್ಣೆ ಕುಡಿದ ಕಂಪ್ಯೂಟರುಗಳು

ಈ ಕಸುಬಿಗೆ ಬರುವ ಹುಡುಗ ಹುಡುಗಿಯರಿಗೆ ಮೊದಲು ಬೇಕಾದದ್ದು ಮೂಗು. ಕಣ್ಣು, ಕೈ ಎಲ್ಲ ಆಮೇಲೆ. ಸರ್ಟಿಫಿಕೇಟು ಎಲ್ಲಕ್ಕಿಂತ ಕಡೆಗೆ. ಇದು ನಾನು ಕಂಡುಹಿಡಿದ ಮಾತಲ್ಲ, ನಮ್ಮ ಅಂಗಡಿಯ ಯಜಮಾನರು ರಂಗಸ್ವಾಮಯ್ಯನವರದು. ತುಮಕೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವರದೊಂದು ರೇಡಿಯೊ ರಿಪೇರಿ ಅಂಗಡಿ ಇತ್ತು. ನಾನು ಕೆಲಸಕ್ಕೆ ಸೇರಿದ ದಿನ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡೆನೋ ಇಲ್ಲವೋ, ಅವರು ಅದನ್ನು ಕಿತ್ತು ಮೇಜಿನ ಮೇಲಿಟ್ಟರು.

“ಮೊದ್ಲು ಮೂಸು ಜಯಮ್ಮ. ಆಮೇಲೆ ನೋಡು. ಆಮೇಲೆ ಮುಟ್ಟು. ಸುಟ್ಟ ವಾಸನೆ ಇಲ್ಲ ಅಂದ್ರೆ ಜೀವ ಇದೆ ಅಂತ ತಿಳ್ಕೊ.”

ಹೇಳಿದವರು ಮಾತುಮಾತಿಗೂ ಡಬ್ಬಿ ತೆಗೆದು ನಶ್ಯ ಏರಿಸುವ ಮನುಷ್ಯ. ಆ ಮೂಗಿಗೆ ವಾಸನೆ ಎಲ್ಲಿಂದ ಬರಬೇಕು ಎಂದು ನಾನು ಒಳಗೊಳಗೇ ನಕ್ಕಿದ್ದೆ. ಒಂದು ವಾರದಲ್ಲಿ ನಗು ನಿಂತಿತು. ರೇಡಿಯೊದ ಮುಚ್ಚಳ ಬಿಚ್ಚುವ ಮೊದಲೇ “ಟ್ರಾನ್ಸ್‌ಫಾರ್ಮರ್ ಹೋಗಿದೆ”, “ಇದಕ್ಕೇನೂ ಆಗಿಲ್ಲ, ವೈರ್ ಕಟ್ ಆಗಿದೆ” ಎಂದು ಹೇಳಿಬಿಡುತ್ತಿದ್ದರು, ಹಾಗೆಯೇ ಇರುತ್ತಿತ್ತು.

ರೇಡಿಯೊದಿಂದ ಟೀವಿಗೆ ಬಂದೆವು, ಟೀವಿಯಿಂದ ಕಂಪ್ಯೂಟರಿಗೆ. ತೊಂಬತ್ತರ ದಶಕದಲ್ಲಿ ತುಮಕೂರಿನಲ್ಲಿ ಕಂಪ್ಯೂಟರ್ ಎಂದರೆ ಚಪ್ಪಲಿ ಬಿಟ್ಟು ಒಳಗೆ ಹೋಗುವ ಕಾಲ. ಎಸಿ ರೂಮು, ಪರದೆ, ಮೇಲೊಂದು ಬಿಳಿ ಹೊದಿಕೆ. ಈಗಿನ ಮಕ್ಕಳೂ ಈ ಕೆಲಸ ಎಂದರೆ ಹಾಗೇ ತಣ್ಣಗೆ ಇರುತ್ತದೆ ಎಂದುಕೊಂಡು ಬರುತ್ತಾರೆ. ಸುಳ್ಳು. ಎಸಿಯಲ್ಲಿ ಇರುವುದು ಓಡುವ ಮಿಷನ್ನು. ಕೆಟ್ಟ ಮಿಷನ್ನು ಇರುವುದು ಮೆಟ್ಟಿಲ ಕೆಳಗೆ, ಜೀರುಂಡೆ ಜಿರಳೆ ಹಲ್ಲಿಮೊಟ್ಟೆಗಳ ಜೊತೆ. ನನ್ನ ಕೆಲಸವೆಲ್ಲ ಆ ಮೆಟ್ಟಿಲ ಕೆಳಗಿನದೇ. ಮೂಗಿಗೆ ಬಟ್ಟೆ ಕಟ್ಟಿದರೆ ವಾಸನೆ ಗೊತ್ತಾಗುವುದಿಲ್ಲ, ಕಟ್ಟದಿದ್ದರೆ ಸೀನು ನಿಲ್ಲುವುದಿಲ್ಲ.

ನಮ್ಮ ಅಂಗಡಿಗೆ ಮೊಟ್ಟಮೊದಲು ಬಂದ ಕಂಪ್ಯೂಟರಿನ ಗತಿಯನ್ನೂ ಹೇಳಿಬಿಡುತ್ತೇನೆ. ಅದರ ಬೆನ್ನಿಗೆ ಒಂದು ಪುಟ್ಟ ಕೆಂಪು ಸ್ವಿಚ್ಚಿತ್ತು. ಬೇರೆ ದೇಶಗಳ ಕಡಿಮೆ ಕರೆಂಟಿಗೆ ಒಂದು ಕಡೆ, ನಮ್ಮ ಕರೆಂಟಿಗೆ ಇನ್ನೊಂದು ಕಡೆ. ಯಜಮಾನರು “ಇದ್ಯಾವುದಪ್ಪಾ ಚೆನ್ನಾಗಿದೆ” ಎಂದು ಹೆಬ್ಬೆರಳಿನಲ್ಲಿ ಕಡಿಮೆ ಕರೆಂಟಿನ ಕಡೆಗೆ ತಳ್ಳಿ ಆನ್ ಮಾಡಿದರು. ಢಂ! ಗಲ್ಲಿಯ ನಾಯಿಗಳೆಲ್ಲ ಬೊಗಳಿದವು. ಪಕ್ಕದ ಟೀ ಅಂಗಡಿಯವನು ಲೋಟ ಕೈಯಲ್ಲಿ ಹಿಡಿದೇ ಓಡಿ ಬಂದ. ಹೊಗೆಯ ನಡುವೆ ಯಜಮಾನರು ನಿಧಾನವಾಗಿ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿ, “ಈಗ ಮೂಸೋದೇ ಬೇಡ ಬಿಡು” ಅಂದರು. ಸಿಡಿದ ಭಾಗವನ್ನು ಅವರೇ ಕೈಯಾರೆ ಹೊಸದಾಗಿ ಕಟ್ಟಿಕೊಟ್ಟರು. ಆವತ್ತಿನಿಂದ ಯಾವ ಮಿಷನ್ ಬಂದರೂ ಆ ಕೆಂಪು ಸ್ವಿಚ್ಚಿಗೆ ಮೊದಲು ಒಂದು ತುಂಡು ಪ್ಲಾಸ್ಟರ್ ಅಂಟಿಸುವುದು ನನ್ನ ಕೆಲಸವಾಯಿತು.

ಬಿಸಾಕಿದ ಕಂಪ್ಯೂಟರುಗಳ ಹುಚ್ಚು ನನಗೆ ಹಿಡಿದದ್ದು ಗುಜರಿ ಬಾಷಾ ಸಾಹೇಬರಿಂದ. ಮರಳೂರಿನಲ್ಲಿ ನಮ್ಮ ಮನೆಗೆ ಹೋಗುವ ದಾರಿಯಲ್ಲೇ ಅವರ ಗುಜರಿ ಅಂಗಡಿ. ಒಂದು ಸಂಜೆ ನಡೆದು ಹೋಗುತ್ತಿದ್ದೇನೆ, ಒಳಗೆ ಅವರ ಆಳು ಸುತ್ತಿಗೆ ಎತ್ತಿದ್ದಾನೆ, ಅದರ ಕೆಳಗೆ ಒಂದು ಕಂಪ್ಯೂಟರ್ ಮಲಗಿದೆ. ತಾಮ್ರ, ತಗಡು ಬೇರೆ ಮಾಡುವುದಕ್ಕೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಕಣ್ಣೆದುರಿಗೇ ಆಗುತ್ತಿತ್ತು. “ಏಯ್, ನಿಲ್ಸೋ!” ಎಂದು ಬೀದಿಯಿಂದಲೇ ಕಿರುಚಿದೆ. ಒಳಗೆ ಹೋಗಿ, ಬಗ್ಗಿ, ಮೂಸಿದೆ. ಧೂಳಿನ ವಾಸನೆ ಬಿಟ್ಟರೆ ಏನಿಲ್ಲ.

“ಏನ್ ಜಯಕ್ಕ, ಕರ್ಬೂಜದ ಹಣ್ಣಾ ಅದು, ಮೂಸಿ ತಗೊಳಕ್ಕೆ?” ಎಂದು ಬಾಷಾ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಾರನೆಯ ದಿನ ಅದು ಅಂಗಡಿಯಲ್ಲಿ ಓಡಿತು. ಒಳಗಿನ ಬ್ಯಾಟರಿ ಸೋರಿ ಬೋರ್ಡಿನ ಮೇಲೆ ಹಸಿರು ಕಿಲುಬು ಹಿಡಿದಿತ್ತು, ಅಷ್ಟೆ. ಬ್ಯಾಟರಿ ಕಿತ್ತು, ಅರ್ಧ ಹೋಳು ನಿಂಬೆಹಣ್ಣು ಹಿಂಡಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೊಳೆದದ್ದಕ್ಕೆ ಹೊಸ ಹಿತ್ತಾಳೆಯ ಹಾಗೆ ಹೊಳೆಯಿತು. ಅದನ್ನು ನೋಡುವುದಕ್ಕೆ ಬಾಷಾ ಸಾಹೇಬರೇ ಬಂದರು. ಪರದೆಯ ಮೇಲೆ ಹಸಿರು ಅಕ್ಷರ ಬಂದಾಗ ಅವರು ನಗಲಿಲ್ಲ. “ನಾವು ಎಷ್ಟ್ ಜೀವ ಒಡೆದು ಹಾಕ್ಬಿಟ್ವೋ ಅಕ್ಕ” ಅಂದರು. ಅಂದಿನಿಂದ ಕಂಪ್ಯೂಟರ್ ಬಂದರೆ ಅದನ್ನು ಒಡೆಯದೆ ಮೂಲೆಗಿಟ್ಟು ನನಗೆ ಹೇಳಿ ಕಳಿಸುತ್ತಿದ್ದರು. ಅವರು ಆ ಮೂಲೆ ಕೊಡದಿದ್ದರೆ ನಾನು ಬರೆಯುತ್ತಿರುವ ಈ ಕಥೆಯೇ ಇಲ್ಲ. ಅವರ ಉಪಕಾರವನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಮರೆತರೆ ಕಷ್ಟ.

ಹಾಗೆ ಬದುಕಿಸಿದವು ಎಲ್ಲೆಲ್ಲಿಗೋ ಹೋದವು. ಗೂಳೂರಿನ ಒಂದು ಶಾಲೆಗೆ, ಒಬ್ಬ ಕರಪತ್ರ ಅಚ್ಚುಹಾಕುವವರಿಗೆ, ಒಂದು ಔಷಧಿ ಅಂಗಡಿಗೆ. ಬದುಕಲಾರದವುಗಳ ಕೈಕಾಲು ಬಿಚ್ಚಿ ಬದುಕುವವುಗಳಿಗೆ ಹಾಕುತ್ತಿದ್ದೆವು.

ಎಲ್ಲ ಬಿಸಾಕಿದ ಮಿಷನ್ನೂ ಕೆಟ್ಟಿರುತ್ತದೆ ಎಂದುಕೊಳ್ಳಬೇಡಿ. ಗುಬ್ಬಿಯ ಒಂದು ಸೊಸೈಟಿಯವರು ಒಂದನ್ನು ಕಂಡೆಮ್ ಮಾಡಿ ನಮಗೆ ಕೊಟ್ಟರು. ದಿನಾ ಮಧ್ಯಾಹ್ನ ತನ್ನಷ್ಟಕ್ಕೆ ತಾನೇ ಆರಿ ಹೋಗುತ್ತದೆ, ಮಾಡಿದ ಕೆಲಸವೆಲ್ಲ ನೀರಿನಲ್ಲಿ ಮಾಡಿದ ಹೋಮ. ಅಂಗಡಿಯಲ್ಲಿಟ್ಟು ದಿನಗಟ್ಟಲೆ ಓಡಿಸಿದರೆ ಅದು ಗಟ್ಟಿಮುಟ್ಟಾಗಿ ಕೂತಿದೆ! ಯಜಮಾನರು ಮೂಸಿದರು, ತಟ್ಟಿದರು, ಬೈದರು. ಕೊನೆಗೆ “ಮಿಷನ್ನಿಗೆ ರೋಗ ಇಲ್ಲ, ಮನೆಗಿದೆ. ಹೋಗಿ ಮನೆ ಮೂಸ್ಕೊಂಡು ಬಾ” ಎಂದು ನನ್ನನ್ನು ಗುಬ್ಬಿಗೆ ಕಳಿಸಿದರು. ಹೋಗಿ ಸೊಸೈಟಿಯ ಬೆಂಚಿನ ಮೇಲೆ ಸುಮ್ಮನೆ ಕೂತೆ. ಮಧ್ಯಾಹ್ನವಾಯಿತು, ಕಿಟಕಿಯಿಂದ ಘಮ್ಮೆಂದು ರಾಗಿಹಿಟ್ಟಿನ ವಾಸನೆ ಬಂತು. ಅದರ ಹಿಂದೆಯೇ ಗರ್ರ್ ಎಂದು ಸದ್ದು, ಮೇಲಿನ ಬಲ್ಬು ಮಂಕಾಯಿತು. ಪಕ್ಕದಲ್ಲಿ ಹಿಟ್ಟಿನ ಗಿರಣಿ! ಎರಡಕ್ಕೂ ಒಂದೇ ಲೈನು.

ಗಿರಣಿಯ ರುದ್ರಣ್ಣನಿಗೆ ಹೇಳಿದರೆ ಸೊಂಟಕ್ಕೆ ಕೈ ಕೊಟ್ಟು ನಿಂತರು. “ಅಲ್ಲಾ ಕಣಮ್ಮ, ನಿಮ್ ಪೆಟ್ಗೆ ಉಳೀಬೇಕು ಅಂತ ಊರೋರು ಮುದ್ದೆ ಬುಡ್ಬೇಕಾ?”

“ಮುದ್ದೆ ಬಿಡೋದು ಬೇಡ ರುದ್ರಣ್ಣ. ಒಂದು ಹೊತ್ತು ಹೇಳಿ, ಆ ಹೊತ್ತಲ್ಲಿ ಇವರು ಆಫ್ ಮಾಡ್ಕೊಂಡು ಊಟಕ್ಕೆ ಹೋಗ್ತಾರೆ” ಅಂದೆ.

ಆ ಒಪ್ಪಂದ ನಡೆಯಿತು. ಕಂಡೆಮ್ ಆದ ಮಿಷನ್ನು ಮತ್ತೆ ಅದೇ ಮೇಜಿಗೆ ಹೋಗಿ ಕೂತಿತು. ನಾನು ಬಸ್ಸಿಗೆ ಕಾಯುವಾಗ ರುದ್ರಣ್ಣ ಬಿಸಿಬಿಸಿ ಹಿಟ್ಟು ಒಂದು ಚೀಲ ತಂದು ಕೊಟ್ಟರು. ಕೆಲವು ರಿಪೇರಿಗಳು ಮಾತಿನಲ್ಲೇ ಆಗುತ್ತವೆ. ಮಾತು ಬರದವರು ಈ ಕೆಲಸಕ್ಕೆ ಬರಬೇಡಿ.

ಈಗ ಕುಣಿಗಲ್‌ನ ನಾಗರತ್ನಳ ವಿಷಯಕ್ಕೆ ಬರುತ್ತೇನೆ. ಇಷ್ಟು ವರ್ಷದ ಕೆಲಸದಲ್ಲಿ ಒಂದೇ ಒಂದು ಹೇಳು ಎಂದರೆ ನಾನು ಇದನ್ನೇ ಹೇಳುತ್ತೇನೆ.

ಎರಡು ಸಾವಿರ ಇಸವಿ ಹತ್ತಿರ ಬರುತ್ತಿತ್ತು. ಹೊಸ ವರ್ಷ ಹುಟ್ಟಿದ ಗಳಿಗೆಗೆ ಹಳೆಯ ಕಂಪ್ಯೂಟರುಗಳೆಲ್ಲ ತಾರೀಕು ತಪ್ಪಿ ತಲೆಕೆಟ್ಟು ಹೋಗುತ್ತವೆ ಎಂದು ಗುಲ್ಲೆದ್ದಿತ್ತು. ಆಫೀಸಿನವರು, ಅಂಗಡಿಯವರು ಚೆನ್ನಾಗಿ ಓಡುವ ಮಿಷನ್ನುಗಳನ್ನೇ ಹೊರಗೆ ಹಾಕಿದರು. ಬಾಷಾ ಸಾಹೇಬರ ಮೂಲೆ ತುಂಬಿ ಅಂಗಳಕ್ಕೆ ಬಂತು. ಹಾಗೆ ಹೊರಗೆ ಬಿದ್ದ ಆರು ಕಂಪ್ಯೂಟರುಗಳನ್ನು ನಾಗರತ್ನ ತುಮಕೂರಿನ ಒಂದು ಹರಾಜಿನಲ್ಲಿ ಹಿಡಿದು ಕುಣಿಗಲ್‌ಗೆ ಒಯ್ದಿದ್ದಳು.

ಅವಳದು ಟೈಪಿಂಗ್ ಇನ್‌ಸ್ಟಿಟ್ಯೂಟು. ಅಪ್ಪ ಶುರುಮಾಡಿದ್ದು, ಅವರು ಹೋದ ಮೇಲೆ ಇವಳು ನಡೆಸುತ್ತಿದ್ದಳು. ಕಡ್ಡಿಯಂಥ ಮೈ, ಕೊಡಲಿಯಂಥ ಮಾತು. ಟೈಪ್ ಮಾಡುವಾಗ ಬೆರಳು ನೋಡಿದ ಹುಡುಗಿಯ ಕೈಮೇಲೆ ಸ್ಕೇಲಿನಿಂದ ಒಂದು ಬಿಡುವವಳು. ಆದರೆ ಹುಡುಗಿಯರು ಟೈಪ್‌ರೈಟರ್ ಬಿಟ್ಟು ಕಂಪ್ಯೂಟರ್ ಕೇಳತೊಡಗಿದ್ದರು. ಕಂಪ್ಯೂಟರ್ ಸೆಂಟರ್ ಇದ್ದದ್ದು ತುಮಕೂರಿನಲ್ಲಿ, ಅಷ್ಟು ದೂರ ದಿನಾ ಬಸ್ಸಿನಲ್ಲಿ ಹೆಣ್ಣುಮಕ್ಕಳನ್ನು ಕಳಿಸಲು ಎಷ್ಟೋ ಮನೆಗಳಲ್ಲಿ ಒಪ್ಪುತ್ತಿರಲಿಲ್ಲ. ಕುಣಿಗಲ್‌ನಲ್ಲೇ ಇದ್ದರೆ ಸೇರಿಸುತ್ತೇವೆ ಎಂದಿದ್ದರು. ಕಟ್ಟಡದ ಮಾಲೀಕರಿಗೆ ಬೇರೆ ಅಲ್ಲೊಂದು ಬೇಕರಿ ಇಡಿಸುವ ಯೋಚನೆ. ವಿಜಯದಶಮಿಗೆ ಹುಡುಗಿಯರು ಸೇರಿದರೆ ಸರಿ, ಇಲ್ಲವಾದರೆ ಖಾಲಿ ಮಾಡು ಎಂದುಬಿಟ್ಟಿದ್ದರು.

ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಒಂದು ಬೆಳಗ್ಗೆ ನಮ್ಮ ಅಂಗಡಿಯ ಮುಂದೆ ಲಗೇಜ್ ಆಟೊ ನಿಂತಿತು. ನಾಗರತ್ನ ಇಳಿದಳು, ಹಿಂದೆ ಆರು ಕಂಪ್ಯೂಟರು. ಮುಖ ಬಿಳಿಚಿಕೊಂಡಿತ್ತು. ಮೊದಲು ಇನ್ನೊಂದು ಅಂಗಡಿಗೆ ಹೋಗಿದ್ದಳಂತೆ, ಅಲ್ಲಿ ಒಂದನ್ನು ಬಿಚ್ಚಿ ನೋಡಿ “ಎಲ್ಲಾ ಹೋಗಿವೆ, ಗುಜರಿಗೆ ಹಾಕಿ” ಅಂದರಂತೆ.

“ತಂದಾಗ ಚೆನ್ನಾಗಿ ಓಡ್ತಿದ್ವು. ಈಗ ಆರಕ್ಕಾರೂ ಕೂಗ್ತಾವೆ, ಸ್ಕ್ರೀನಲ್ಲಿ ಏನೂ ಬರಲ್ಲ” ಅಂದಳು. ನಾನು ಒಂದಕ್ಕೆ ಕರೆಂಟು ಕೊಟ್ಟೆ. ಪೀಂ, ಪೀಂ, ಪೀಂ ಎಂದು ನಿಲ್ಲದೆ ಕೂಗಿತು. ಕಂಪ್ಯೂಟರ್ ಒಂದೇ ಸಲ ಕೂಗಿದರೆ ಆರೋಗ್ಯ. ಹೀಗೆ ಕೂಗುತ್ತಲೇ ಇದ್ದರೆ ಒಳಗೆಲ್ಲೋ ನೋವು.

ಯಜಮಾನರು ಮುಚ್ಚಳ ತೆಗೆಸಿದರು, ಬಗ್ಗಿ ಮೂಸಿದರು. ಹುಬ್ಬು ಗಂಟಿಕ್ಕಿತು. ಎರಡನೆಯದನ್ನು ಮೂಸಿದರು, ಮೂರನೆಯದನ್ನು ಮೂಸಿದರು.

“ಏನಮ್ಮಾ ಇದು? ಒಳಗೆ ದೀಪ ಹಚ್ಚಿದ್ಯಾ?”

ಸೀಮೆಎಣ್ಣೆ! ನನಗೂ ಬಂತು ವಾಸನೆ. ಅದರ ಜೊತೆಗೆ ಹೊಲಿಗೆ ಮಿಷನ್ನಿನ ಎಣ್ಣೆ. ಬೋರ್ಡಿನ ಮೇಲೆ ಬೆರಳಿಟ್ಟರೆ ಬೆರಳು ಜಾರುತ್ತಿತ್ತು.

ನಾಗರತ್ನ ತಲೆ ಎತ್ತಿಯೇ ಉತ್ತರ ಕೊಟ್ಟಳು. “ಆಯುಧಪೂಜೆಗೆ ಕ್ಲೀನ್ ಮಾಡ್ದೆ ಸಾರ್. ನಮ್ಮಪ್ಪ ಪ್ರತಿ ವರ್ಷ ಟೈಪ್‌ರೈಟರ್‌ನೆಲ್ಲ ಸೀಮೆಎಣ್ಣೆ ಬ್ರಷ್‌ನಲ್ಲಿ ಉಜ್ಜಿ, ಒಂದೊಂದು ಹಲ್ಲಿಗೂ ಎಣ್ಣೆ ಬಿಡೋರು. ನಾನು ಹಂಗೇ ಕಲ್ತಿರೋದು. ಇವಕ್ಕೂ ಒಂದು ಸಂದಿ ಬಿಡ್ದಂಗೆ ಹಾಕಿದೀನಿ.”

ಅಯ್ಯೋ ದೇವರೇ! ನಾನು ಹಣೆ ಚಚ್ಚಿಕೊಂಡೆ. ಟೈಪ್‌ರೈಟರನ್ನು ಮಗುವಿನ ಹಾಗೆ ನೋಡಿಕೊಳ್ಳುವವಳು ಮಾತ್ರ ಮಾಡುವ ತಪ್ಪು ಇದು. ಸೋಮಾರಿಯಾಗಿದ್ದರೆ ಬಚಾವಾಗುತ್ತಿದ್ದಳು. ಪುಣ್ಯಕ್ಕೆ ಮಾನಿಟರ್ ಬಿಚ್ಚಿರಲಿಲ್ಲ, ಬಿಚ್ಚಿದ್ದರೆ ಅದರೊಳಗೆ ಉಳಿದಿರುವ ಕರೆಂಟು ಅವಳನ್ನೇ ತಿನ್ನುತ್ತಿತ್ತು.

“ಹೇಳ್ಬಿಡಿ ಸಾರ್, ಹೋಗಿವೆ ಅಂದ್ರೆ ಹೋಗಿವೆ ಅನ್ನಿ. ಬೋರ್ಡ್ ಇಳಿಸ್ಬಿಡ್ತೀನಿ” ಅಂದಳು. ಬೋರ್ಡು ಅಂದರೆ ಅವರಪ್ಪನ ಹೆಸರಿದ್ದ ಇನ್‌ಸ್ಟಿಟ್ಯೂಟಿನ ಬೋರ್ಡು.

ಯಜಮಾನರು ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿದರು. “ಸೀಮೆಎಣ್ಣೆ ವಾಸನೆ ಇದೆ, ಎಣ್ಣೆ ವಾಸನೆ ಇದೆ. ಸುಟ್ಟ ವಾಸನೆ ಎಲ್ಲಿದೆ? ಇಲ್ಲ. ಜೀವ ಇದೆ ಕಣಮ್ಮ. ಎಣ್ಣೆ ನಡುವೆ ನಿಂತು ಒಂದಕ್ಕೊಂದು ತಾಗ್ತಿಲ್ಲ, ಅದಕ್ಕೇ ಕೂಗ್ತಾವೆ.” ಆಮೇಲೆ ನನ್ನ ಕಡೆ ತಿರುಗಿ, “ಜಯಮ್ಮ, ಎಣ್ಣೆ ಸ್ನಾನ ಮಾಡ್ಸಿದ ಮೇಲೆ ಏನ್ ಮಾಡ್ತಾರೆ?”

“ಸೀಗೆಪುಡಿ ಹಾಕಿ ತಿಕ್ಕಿ ನೀರು ಹಾಕ್ತಾರೆ” ಎಂದೆ. ಅಂದ ಮೇಲೆ ನನಗೇ ಗಾಬರಿಯಾಯಿತು.

“ಸೀಗೆಪುಡಿ ಬೇಡ, ಸಂದೀಲಿ ಕೂತ್ಕೊಳುತ್ತೆ. ಅಂಟುವಾಳದ ಕಾಯಿ ನೆನೆಹಾಕು.”

ಹಿತ್ತಲ ಗಿಡ ಮದ್ದಲ್ಲ ಎನ್ನುವವರು ನೋಡಬೇಕಿತ್ತು. ಬ್ಯಾಟರಿ ಬಿಚ್ಚಿಟ್ಟು, ಫ್ಲಾಪಿ ಡ್ರೈವು ಹಾರ್ಡ್ ಡಿಸ್ಕು ಎಲ್ಲ ಬೇರೆ ತೆಗೆದು, ಬರೀ ಬೋರ್ಡುಗಳನ್ನು ನಮ್ಮ ಮನೆಯ ಮಹಡಿಗೆ ಒಯ್ದೆ. ಅಂಟುವಾಳದ ನೊರೆಯಲ್ಲಿ ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿ, ಕೊಡದ ನೀರಿನಲ್ಲಿ ತೊಳೆದು, ಕಡೆಯ ನೀರಿಗೆ ಗ್ಯಾರೇಜಿನಿಂದ ತಂದ, ಬ್ಯಾಟರಿಗೆ ಹುಯ್ಯುವ ಶುದ್ಧ ನೀರು. ನಾಗರತ್ನ ಪಕ್ಕದಲ್ಲೇ ಕೂತಿದ್ದಳು. ನಾನು ಮೊದಲ ಚೊಂಬು ನೀರು ಹುಯ್ದಾಗ ಎದ್ದೇ ನಿಂತುಬಿಟ್ಟಳು.

“ಜಯಕ್ಕಾ, ನಾನು ಎಣ್ಣೆ ಹಾಕಿದ್ದಕ್ಕೆ ಹಣೆ ಚಚ್ಕೊಂಡ್ರಿ. ನೀವು ನೀರು ಹಾಕ್ತಿದೀರ!”

“ನೀರು ತಪ್ಪಲ್ಲ ಕಣೇ, ಒದ್ದೆಯಲ್ಲಿ ಕರೆಂಟು ಕೊಡೋದು ತಪ್ಪು. ಪೂರ್ತಿ ಒಣಗೋವರೆಗೂ ಮುಟ್ಟಬಾರದು. ಬ್ರಷ್ ತಗೋ, ತಿಕ್ಕು.”

ತಿಕ್ಕಿದಳು. ನನಗಿಂತ ಚೆನ್ನಾಗಿ ತಿಕ್ಕಿದಳು. ಅಪ್ಪ ಕಲಿಸಿದ ಕೈ, ಒಂದು ಸಂದಿ ಬಿಡಲಿಲ್ಲ.

ಆ ದಿನಗಳಲ್ಲಿ ನಮ್ಮ ಪಕ್ಕದ ಮನೆಯ ಗಿರಿಜಮ್ಮ ಅದೇ ಮಹಡಿಯಲ್ಲಿ ಸಂಡಿಗೆ ಒಣಹಾಕುತ್ತಿದ್ದರು. ಒಂದು ಕಡೆ ಅವರ ಬಿಳಿ ಸಂಡಿಗೆ, ಇನ್ನೊಂದು ಕಡೆ ನೆರಳಿನಲ್ಲಿ ನಮ್ಮ ಹಸಿರು ಬೋರ್ಡು. “ನಿಮ್ದು ಎಣ್ಣೇಲಿ ಕರಿಯೋದಾ, ಕೆಂಡದ ಮೇಲೆ ಸುಡೋದಾ?” ಎಂದು ದಿನಾ ಒಂದು ಮಾತು. “ಇವು ಎಣ್ಣೆ ಕುಡಿದೇ ಬಂದಿರೋವು” ಎಂದು ನಾನು. ನಾಗರತ್ನ ದಿನಾ ಬೆಳಗ್ಗೆ ಕುಣಿಗಲ್‌ನಿಂದ ಬಂದು ಕಾಗೆ ಬರದ ಹಾಗೆ ಕಾವಲು ಕೂರುತ್ತಿದ್ದಳು. ಊಟ ಕೊಟ್ಟರೂ ಮಹಡಿಯ ಮೇಲೆಯೇ ತಿನ್ನುತ್ತಿದ್ದಳು.

ನವರಾತ್ರಿ ನಡುವಿನಲ್ಲಿ ಒಂದು ಮಧ್ಯಾಹ್ನ ಅವಳು ಬೋರ್ಡು ಒರೆಸಲು ಸ್ಪಿರಿಟ್ ಬೇಕೆಂದು ಅಂಗಡಿಗೆ ಬಂದಿದ್ದಳು. ಇದ್ದಕ್ಕಿದ್ದ ಹಾಗೆ ಕತ್ತಲಾಗಿ ದಬದಬನೆ ಮಳೆ ಸುರಿಯಿತು. ಇಬ್ಬರೂ ಆಟೊ ಹಿಡಿದು ಮರಳೂರಿಗೆ ಬಂದೆವು, ಮೆಟ್ಟಿಲನ್ನು ಹಾರಿ ಹಾರಿ ಹತ್ತಿದೆವು. ಮಹಡಿಯಲ್ಲಿ ಬೋರ್ಡುಗಳಿಲ್ಲ. ಗಿರಿಜಮ್ಮನವರ ಸಂಡಿಗೆ ಮಾತ್ರ ಮಳೆಯಲ್ಲಿ ಕರಗಿ ಗಂಜಿಯಾಗಿ ಹರಿಯುತ್ತಿತ್ತು.

ಕೆಳಗಿನಿಂದ ಅವರ ದನಿ ಬಂತು. “ಗಾಬರಿ ಆಗ್ಬೇಡಿ ಕಣ್ರೀ, ಒಳಗಿವೆ!” ಹೋಗಿ ನೋಡಿದರೆ ಅವರ ಮಂಚದ ಮೇಲೆ, ಹಳೆಯ ಹತ್ತಿ ಸೀರೆಯ ಮಡಿಕೆ ಮಡಿಕೆಯ ನಡುವೆ ಒಂದೊಂದು ಬೋರ್ಡು. ಒಂದು ಹನಿ ತಾಗಿರಲಿಲ್ಲ. ಅವರ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ನಿಮ್ಮ ಸಂಡಿಗೆ ಎಲ್ಲಾ ಹೋಯ್ತಲ್ಲ ಗಿರಿಜಮ್ಮ” ಎಂದೆ.

“ಹೋಗ್ಲಿ ಬಿಡಿ. ಸಂಡಿಗೆ ನಾಳೆ ಇಟ್ಕೊಬೋದು. ಆ ಹುಡುಗಿ ಅಲ್ಲಿ ಬಿಸ್ಲಲ್ಲಿ ಕೂತಿರೋದು ದಿನಾ ನೋಡ್ತಿದ್ನಲ್ಲ, ನಂಗೆ ಮೊದ್ಲು ಕೈಗೆ ಬಂದಿದ್ದೇ ಇವು.”

ಕಂಪ್ಯೂಟರ್ ಎಂದರೇನೆಂದು ಆ ತಾಯಿಗೆ ಗೊತ್ತಿರಲಿಲ್ಲ, ಅದರ ಹಿಂದೆ ಒಬ್ಬ ಹೆಣ್ಣುಮಗಳ ಬದುಕಿದೆ ಎಂದು ಗೊತ್ತಿತ್ತು. ನಾಗರತ್ನ ಅಷ್ಟು ದಿನ ಅಳದೇ ಇದ್ದವಳು ಆವತ್ತು ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟಳು. ನನಗೂ ತಡೆಯಲಾಗಲಿಲ್ಲ.

ಒಣಗಿದ ಮೇಲೆ ಯಜಮಾನರು ನಾಗರತ್ನಳ ಕೈಗೆ ಶಾಲೆಯ ಮಕ್ಕಳ ರಬ್ಬರು ಕೊಟ್ಟರು. ಮೆಮೊರಿ ಎಂದು ಬೆರಳುದ್ದದ ಪಟ್ಟಿಯಿರುತ್ತದೆ. ಅದರ ಅಂಚಿನ ಹಲ್ಲುಗಳನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಉದುರಿದ್ದನ್ನು ಕೊಡವಿ, ಮತ್ತೆ ಅದರ ಗೂಡಿಗೆ ಒತ್ತಿದರೆ ಎಷ್ಟೋ ಕೂಗು ನಿಲ್ಲುತ್ತದೆ. ಎಲ್ಲವನ್ನೂ ಅವಳ ಕೈಯಲ್ಲೇ ಮಾಡಿಸಿದರು. ನಾನು ಕೈ ಹಾಕಲು ಹೋದರೆ, “ನೀನು ಸುಮ್ನಿರು. ಕುಣಿಗಲ್‌ಗೆ ದಿನಾ ನೀನು ಹೋಗ್ತೀಯಾ?” ಎಂದು ಗದರಿದರು. ಐದು ಬದುಕಿದವು. ಆರನೆಯದು ಏಳಲಿಲ್ಲ. ಬೇರೆಯವುಗಳಲ್ಲಿ ಸೀಮೆಎಣ್ಣೆಗೆ ಉಬ್ಬಿದ್ದ ಭಾಗಗಳನ್ನು ತೆಗೆದು ಇದರವನ್ನು ಹಾಕಿದೆವು.

ವಿಜಯದಶಮಿಯ ಬೆಳಗ್ಗೆ ಕುಣಿಗಲ್‌ಗೆ ಹೋದೆವು. ಟೈಪ್‌ರೈಟರುಗಳಿಗೆ ಎಣ್ಣೆ, ಕುಂಕುಮ, ಸೇವಂತಿಗೆ. ಕಂಪ್ಯೂಟರುಗಳಿಗೆ ಬರೀ ಹೂವು, ಅದೂ ದೂರದಿಂದ. ತಾಯಂದಿರು, ಹುಡುಗಿಯರು, ಒಬ್ಬಿಬ್ಬರು ಅಪ್ಪಂದಿರು ಬಂದು ನಿಂತಿದ್ದರು. ಮಾಲೀಕರೂ ಬಂದು ಬಾಗಿಲಿಗೆ ಒರಗಿಕೊಂಡಿದ್ದರು. “ಹಳೇ ಗುಜರಿ ಮಾಲಂತೆ” ಎಂದು ಯಾರೋ ಪಿಸುಗುಟ್ಟಿದ್ದು ನನ್ನ ಕಿವಿಗೇ ಬಿತ್ತು.

ನಾಗರತ್ನ ಒಂದೊಂದೇ ಸ್ವಿಚ್ ಹಾಕುತ್ತಾ ಬಂದಳು. ಒಂದು ಕೂಗು, ಹಸಿರು ಅಕ್ಷರ. ಒಂದು ಕೂಗು, ಹಸಿರು ಅಕ್ಷರ. ಕೊನೆಯದಕ್ಕೆ ಹಾಕಿದಳು. ಪೀಂ, ಪೀಂ, ಪೀಂ. ನಿಲ್ಲಲಿಲ್ಲ. ಆಟೊ ಕುಲುಕಾಟಕ್ಕೆ ಮೆಮೊರಿ ಪಟ್ಟಿ ಸಡಿಲವಾಗಿರಬೇಕು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಲೀಕರು ಬಾಗಿಲಿನಿಂದ ನೆಟ್ಟಗೆ ನಿಂತರು. ನಾನು ಎದ್ದೆ. ಯಜಮಾನರು ನನ್ನ ಸೆರಗು ಹಿಡಿದು ಕೂರಿಸಿದರು.

ನಾಗರತ್ನ ಸ್ವಿಚ್ ಆರಿಸಿದಳು, ವೈರ್ ಕಿತ್ತಳು. ಮುಚ್ಚಳ ತೆಗೆದು, ಎಲ್ಲರ ಎದುರಿಗೂ ಬಗ್ಗಿ ಮೂಸಿದಳು. ಹುಡುಗಿಯರು ಕಿಸಕ್ಕೆಂದರು. ಅವಳು ತಲೆ ಎತ್ತಿ ಆ ಸ್ಕೇಲಿನ ನೋಟ ನೋಡಿದಳು, ಕಿಸಿಕಿಸಿ ನಿಂತಿತು. “ಸುಟ್ಟ ವಾಸನೆ ಇಲ್ಲ. ಜೀವ ಇದೆ” ಅಂದಳು. ಪಟ್ಟಿ ಕಿತ್ತು, ರಬ್ಬರಿನಲ್ಲಿ ಉಜ್ಜಿ, ಒತ್ತಿ, ಮುಚ್ಚಳ ಹಾಕಿ ಸ್ವಿಚ್ ಒತ್ತಿದಳು. ಒಂದೇ ಒಂದು ಕೂಗು.

ಮುಂದೆ ನಿಂತಿದ್ದ ಒಬ್ಬ ತಾಯಿ ಮಗಳನ್ನು ಮುಂದಕ್ಕೆ ತಳ್ಳಿದರು. “ಈಯಮ್ಮಂಗೆ ರಿಪೇರಿನೂ ಬತ್ತದಲ್ಲೇ! ಮೊದ್ಲು ನಮ್ಮವ್ಳ ಹೆಸ್ರು ಬರ್ಕೊಳಿ ಮೇಡಮ್ಮೋರೆ.” ಆಮೇಲೆ ನೂಕುನುಗ್ಗಲು. ಮಾಲೀಕರು ಯಾವಾಗ ಬಾಗಿಲು ಬಿಟ್ಟು ಹೋದರೋ ನೋಡಿದವರಿಲ್ಲ. ಯಜಮಾನರು ಮೂಲೆಯಲ್ಲಿ ಡಬ್ಬಿ ತೆಗೆದು, ಎಂದಿಗಿಂತ ದೊಡ್ಡ ಚಿಟಿಕೆ ಏರಿಸಿ, ಜೋರಾಗಿ ಸೀನಿದರು. ಕಣ್ಣಲ್ಲಿ ನೀರು ಬಂದದ್ದು ನಶ್ಯದಿಂದ ಎಂದು ದಾರಿಯುದ್ದಕ್ಕೂ ವಾದಿಸಿದರು.

ನಾಗರತ್ನ ಟೈಪ್‌ರೈಟರುಗಳನ್ನೂ ಮಾರಲಿಲ್ಲ. ಮೊದಲು ಅದರಲ್ಲಿ ಬೆರಳು ಪಳಗಿಸಿ, ಆಮೇಲೆ ಕಂಪ್ಯೂಟರಿಗೆ ಕೂರಿಸುತ್ತಿದ್ದಳು. ಪ್ರತಿ ವರ್ಷ ಆಯುಧಪೂಜೆಗೆ ಫೋನ್ ಮಾಡುತ್ತಾಳೆ. “ಜಯಕ್ಕ, ಎಣ್ಣೆ ಹಾಕಿಲ್ಲ ಕಣಕ್ಕ” ಎನ್ನುತ್ತಾಳೆ. “ಮುಚ್ಕೊಂಡು ಪೂಜೆ ಮಾಡು” ಎನ್ನುತ್ತೇನೆ. ಇಬ್ಬರೂ ನಗುತ್ತೇವೆ.

ಆಮೇಲಿನ ವರ್ಷಗಳಲ್ಲಿ ಕೆಲಸವೇ ಬೇರೆಯಾಯಿತು. ಮೊದಲು ಬೋರ್ಡಿನೊಳಗೆ ಕೆಟ್ಟ ಒಂದು ಚೂರನ್ನು ಹುಡುಕಿ ಬೆಸುಗೆ ಹಾಕುತ್ತಿದ್ದೆವು. ಆಮೇಲೆ ಬೋರ್ಡನ್ನೇ ಬದಲಾಯಿಸುವುದು ಬಂತು. ಕಡೆಗೆ ಮಿಷನ್ನನ್ನೇ ಬದಲಾಯಿಸುವುದೂ ರಿಪೇರಿ ಎನಿಸಿಕೊಂಡಿತು. ಇದರಲ್ಲಿ ದೂರುವುದೇನಿಲ್ಲ, ಕಾಲಕ್ಕೆ ತಕ್ಕ ಕೋಲ. ಎಳೆಯರಿಗೆ ನನ್ನದೊಂದೇ ಮಾತು: ಬದಲಾಯಿಸಿ, ಆದರೆ ಬಿಸಾಕುವ ಮೊದಲು ಒಂದು ಸಲ ಬಿಚ್ಚಿ ನೋಡಿ.

ಯಜಮಾನರು ಮಲಗಿದ್ದು ಕೆಲವೇ ದಿನ. ನೋಡಲು ಹೋದಾಗ ದಿಂಬಿನ ಕೆಳಗಿನಿಂದ ಡಬ್ಬಿ ತೆಗೆದು ನನ್ನ ಕೈಗಿಟ್ಟು, “ಡಾಕ್ಟ್ರು ಬೇಡ ಅಂದವ್ರೆ. ನೀನೇ ಇಟ್ಕೊ” ಅಂದರು. ಅವರ ನಂತರ ಒಂದಷ್ಟು ವರ್ಷ ಅಂಗಡಿ ನಾನೇ ನಡೆಸಿದೆ. ಬೆನ್ನು ಬಗ್ಗದಾದಾಗ ಬಾಗಿಲು ಹಾಕಿದೆ.

ನಿವೃತ್ತಿಯಾದ ಮೇಲೆ ಒಮ್ಮೆ ಹಾಗಲವಾಡಿಯ ನನ್ನ ತವರಿನ ಜಮೀನಿನದೊಂದು ಕಾಗದ ಬೇಕಾಗಿ ಗುಬ್ಬಿಯ ಕಚೇರಿಯೊಂದಕ್ಕೆ ಹೋಗಿದ್ದೆ. ನನ್ನ ಸರದಿ ಬಂತು, ಅಷ್ಟರಲ್ಲಿ ಕಂಪ್ಯೂಟರು ಆರಿಹೋಯಿತು. ಮತ್ತೆ ಹಾಕಿದರೆ ಪೀಂ, ಪೀಂ, ಪೀಂ. ಹಿಂದಿದ್ದವರೆಲ್ಲ ಗೊಣಗಿದರು. ಪಕ್ಕದ ಮೇಜಿನವರು, “ತಗೊಳಪ್ಪ, ಇನ್ನು ತುಮಕೂರಿಂದ ಜನ ಬರ್ಬೇಕು. ನಾಳೆ ಬನ್ನಿ ಎಲ್ಲಾ” ಎಂದು ಎದ್ದೇಬಿಟ್ಟರು.

ಕೂತಿದ್ದ ಹುಡುಗಿ ಏಳಲಿಲ್ಲ. ವೈರ್ ಕಿತ್ತಳು. ಮೇಜಿನ ಕೆಳಗೆ ಬಗ್ಗಿ ಮುಚ್ಚಳ ಸರಿಸಿದಳು. ಆಮೇಲೆ ಮುಖವನ್ನು ಹತ್ತಿರ ಒಯ್ದು ಮೂಸಿದಳು.

“ಸುಟ್ಟ ವಾಸನೆ ಇಲ್ಲ. ಜೀವ ಇದೆ” ಅಂದಳು, ತನಗೆ ತಾನೇ ಹೇಳಿಕೊಂಡ ಹಾಗೆ.

ನಾನು ಕೌಂಟರಿನ ಮೇಲೆ ಬಗ್ಗಿ ನೋಡಿದೆ. ಅವಳು ಡ್ರಾಯರ್ ಎಳೆದು ಒಂದು ರಬ್ಬರು ತೆಗೆದಳು. ನನ್ನ ಕೈ ತುರಿಸುತ್ತಿತ್ತು, ಆದರೂ ಸುಮ್ಮನಿದ್ದೆ. ಈ ಸಲ ನನ್ನ ಸೆರಗು ಹಿಡಿದು ಕೂರಿಸಲು ಯಾರೂ ಇರಲಿಲ್ಲ, ನಾನೇ ಪಕ್ಕದ ಬೆಂಚಿನ ಮೇಲೆ ಕೂತೆ. ಅವಳು ಉಜ್ಜಿದಳು, ಕೊಡವಿದಳು, ಒತ್ತಿದಳು, ಸ್ವಿಚ್ ಹಾಕಿದಳು. ಒಂದೇ ಒಂದು ಕೂಗು.

ಕಾಗದ ಕೊಡುವಾಗ ಕೇಳಿದೆ. “ಇದನ್ನ ಯಾರಮ್ಮ ಹೇಳ್ಕೊಟ್ಟಿದ್ದು?”

“ಕುಣಿಗಲ್‌ನಲ್ಲಿ ನಮ್ಮ ನಾಗರತ್ನ ಮಿಸ್ಸು, ಆಂಟಿ. ಟೈಪಿಂಗ್ ಜೊತೆಗೆ ಇದನ್ನೂ ಕಲಿಸ್ತಿದ್ರು. ಅವ್ರಿಗೆ ತುಮಕೂರಲ್ಲಿ ಯಾರೋ ಒಬ್ರು ತಾತ ಹೇಳ್ಕೊಟ್ರಂತೆ. ಹೆಸರು ಗೊತ್ತಿಲ್ಲ. ನಾನು ನೋಡಿಲ್ಲ ಅವ್ರನ್ನ.”

“ಅವರ ಹೆಸರು ರಂಗಸ್ವಾಮಯ್ಯ” ಎಂದೆ.

ಅವಳು ಕಣ್ಣರಳಿಸಿ ನನ್ನನ್ನೇ ನೋಡಿದಳು. “ನಿಮಗೆ ಗೊತ್ತಾ ಆಂಟಿ? ಹೇಗಿದ್ರು ಅವ್ರು?”

ಹೇಳಬೇಕಾದದ್ದು ಎಷ್ಟೊಂದಿತ್ತು. ಚೀಲದೊಳಗೆ ಕೈ ಹಾಕಿದರೆ ಬೆರಳಿಗೆ ಆ ತಗಡಿನ ಡಬ್ಬಿ ಸಿಕ್ಕಿತು.

“ನಶ್ಯ ಹಾಕ್ತಿದ್ರು ಕಣಮ್ಮ” ಎಂದೆ. ಡಬ್ಬಿಯನ್ನು ಹೊರಗೆ ತೆಗೆದು ಅವಳಿಗೆ ತೋರಿಸಿದೆ.